ಕಂಪೆನಿ ಕೊಟ್ಟ ಕಾರ್ಡಿನಲ್ಲಿ ಏನುಂಟು, ಏನಿಲ್ಲ?

ಜುಮುಅ ನಮಾಝ್ ಮುಗಿದು ಸಲಾಂ ವೀಟಿದ ಕೂಡಲೇ ಖತೀಬರು ಮತ್ತೆ ಮೈಕ್ ಹಿಡಿದರೆ ವಿಷಯ ಏನೆಂದು ನಮಗೆಲ್ಲ ಗೊತ್ತಾಗಿ ಬಿಡುತ್ತದೆ. ಮೊಹಲ್ಲಾದ ಯಾರೋ ಒಬ್ಬರು ಆಸ್ಪತ್ರೆಯಲ್ಲಿದ್ದಾರೆ, ಬಿಲ್ ಕಟ್ಟಲು ಹಣ ಸಾಲದು. ಬಾಗಿಲಲ್ಲಿ ಇಬ್ಬರು ಯುವಕರು ಶಾಲು ಹಿಡಿದು ನಿಲ್ಲುತ್ತಾರೆ. ಹತ್ತು, ನೂರು, ಐನೂರು ಬೀಳುತ್ತದೆ. ನಮ್ಮ ಜಮಾಅತ್‌ಗಳ ದೊಡ್ಡ ಗುಣ ಇದು, ಇದು ನಿಲ್ಲಬಾರದು.

ಕೆಲವು ತಿಂಗಳ ಹಿಂದೆ ನಮ್ಮಲ್ಲಿ ಹೀಗೆ ಒಬ್ಬ ಉಮ್ಮನಿಗಾಗಿ ಸಂಗ್ರಹ ಆಯಿತು. ಅವರ ಮಗ ಬೆಂಗಳೂರಿನಲ್ಲಿ ಒಳ್ಳೆಯ ಕಂಪೆನಿಯಲ್ಲಿದ್ದಾನೆ. ಕಮಿಟಿಯ ಹಿರಿಯರೊಬ್ಬರು ಮೆಲ್ಲ ಕೇಳಿದರು, ‘ಅವನ ಕಂಪೆನಿಯಲ್ಲಿ ಇನ್ಶೂರೆನ್ಸ್ ಇಲ್ಲವಾ?’ ಹುಡುಗ ತಲೆ ತಗ್ಗಿಸಿ ಹೇಳಿದ, ‘ಉಂಟು ಉಸ್ತಾದೇ, ಮೂರು ಲಕ್ಷದ್ದುಂಟು. ಅವರು ಅರ್ಧವೂ ಕೊಡಲಿಲ್ಲ.’

ಇಶಾ ಕಳೆದ ಮೇಲೆ ಅವನನ್ನು ಕೂರಿಸಿ ಕಾಗದ ಎಲ್ಲ ತರಿಸಿದೆವು. ಪಾಲಿಸಿ ಅವನ ಮೊಬೈಲಿನಲ್ಲಿ ಪಿಡಿಎಫ್ ಆಗಿ ಇತ್ತು. ಮೂರು ವರ್ಷದಿಂದ ಇತ್ತು, ಒಂದು ಸಲವೂ ತೆರೆದು ನೋಡಿರಲಿಲ್ಲ. ನಮ್ಮದು ಪಿಯುಸಿ ಇಂಗ್ಲಿಷ್, ಅವನದ್ದು ಇಂಜಿನಿಯರಿಂಗ್ ಇಂಗ್ಲಿಷ್. ಇಬ್ಬರೂ ಸೇರಿ ಓದುವಾಗ ರಾತ್ರಿ ಹನ್ನೊಂದೂವರೆ ಆಯಿತು. ಅವನಿಗೆ ಯಾರೂ ಮೋಸ ಮಾಡಿರಲಿಲ್ಲ. ಎಲ್ಲ ಅದರಲ್ಲಿ ಬರೆದೇ ಇತ್ತು.

ಲೆಕ್ಕ ಹೀಗಿತ್ತು. ಉಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಸಕ್ಕರೆ ಕಾಯಿಲೆ ಇದ್ದದ್ದರಿಂದ ಐದು ದಿನ ಆಸ್ಪತ್ರೆಯಲ್ಲಿ ಇದ್ದರು. ಒಟ್ಟು ಬಿಲ್ 1,80,000 ರೂಪಾಯಿ. ಅದರಲ್ಲಿ ರೂಮಿನ ಬಾಡಿಗೆ ದಿನಕ್ಕೆ 6,000ದಂತೆ 30,000. ಡಾಕ್ಟರ್, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 1,00,000. ಔಷಧಿ, ಪರೀಕ್ಷೆ, ಇತರ ಸಾಮಾನು 50,000. ಪಾಲಿಸಿ ಮೂರು ಲಕ್ಷದ್ದು. 1,80,000 ಮೂರು ಲಕ್ಷದ ಒಳಗೇ ಉಂಟಲ್ಲ, ಮತ್ತೆ ಯಾಕೆ ಕಡಿಮೆ ಬಂತು?

ಉತ್ತರ ರೂಮಿನಲ್ಲಿತ್ತು. ಅನೇಕ ಕಂಪೆನಿ ಪಾಲಿಸಿಗಳಲ್ಲಿ ‘ರೂಮ್ ರೆಂಟ್ ಲಿಮಿಟ್’ ಅಂತ ಒಂದು ಸಾಲು ಇರುತ್ತದೆ. ವಿಮಾ ಮೊತ್ತದ ಶೇಕಡಾ 1 ಅಂತ ಬರೆದಿದ್ದರೆ, ಮೂರು ಲಕ್ಷಕ್ಕೆ ದಿನಕ್ಕೆ 3,000 ರೂಪಾಯಿಯ ರೂಮು. ಇವರು ತಕ್ಕೊಂಡದ್ದು 6,000ದ್ದು. ಹೆಚ್ಚಾದ ಮೂರು ಸಾವಿರವನ್ನು ನಾವು ಕೊಟ್ಟರಾಯಿತು ಅಂತ ಎಲ್ಲರೂ ಎಣಿಸುತ್ತಾರೆ. ಹಾಗಲ್ಲ. ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದ ಹಾಗೆ ಡಾಕ್ಟರ ಫೀಸು, ಥಿಯೇಟರ್ ಚಾರ್ಜು ಎಲ್ಲ ಏರುತ್ತದೆ. ಆದ್ದರಿಂದ ವಿಮೆಯವರು ರೂಮಿಗೆ ಅರ್ಧ ಕೊಟ್ಟರೆ ಅವಕ್ಕೂ ಅರ್ಧವೇ ಕೊಡುತ್ತಾರೆ. ‘ಪ್ರೊಪೋರ್ಷನೇಟ್ ಡಿಡಕ್ಷನ್’ ಅಂದ್ರೆ ಇದೇ, ಅನುಪಾತದ ಕಡಿತ. ಹಾಗಾಗಿ ರೂಮಿಗೆ 15,000, ಡಾಕ್ಟರ್ ಮತ್ತು ಥಿಯೇಟರ್‌ಗೆ 50,000 ಸಿಕ್ಕಿತು. ಔಷಧಿ, ಪರೀಕ್ಷೆಯ 50,000ದಲ್ಲಿ ಗ್ಲೌಸು, ಮಾಸ್ಕು, ರಿಜಿಸ್ಟ್ರೇಷನ್ ಫೀಸು ಮುಂತಾದ ವಿಮೆ ಕೊಡದ ಬಾಬ್ತು 8,000 ಹೋಗಿ 42,000 ಉಳಿಯಿತು. ಒಟ್ಟು 1,07,000.

ಅಲ್ಲಿಗೂ ಮುಗಿಯಲಿಲ್ಲ. ತಂದೆ ತಾಯಿಗಾದರೆ ಶೇಕಡಾ 20 ‘ಕೋ-ಪೇ’ ಅಂತ ಇನ್ನೊಂದು ಸಾಲು. ಅಂದ್ರೆ ಮಂಜೂರಾದ ಮೊತ್ತದಲ್ಲಿ ಐದನೇ ಒಂದು ಪಾಲು ನಾವೇ ಕೊಡಬೇಕು. 21,400 ಅದಕ್ಕೆ ಹೋಯಿತು. ಕೊನೆಗೆ ವಿಮೆಯಿಂದ ಬಂದದ್ದು 85,600. ಮನೆಯವರ ತಲೆಗೆ ಬಿದ್ದದ್ದು 94,400.

ಅದೇ ಆಸ್ಪತ್ರೆಯಲ್ಲಿ 3,000ದ ರೂಮಿನವರಿಗೆ ಆ 1,00,000ದ ಜಾಗದಲ್ಲಿ 80,000 ಆಗುತ್ತಿತ್ತು ಎಂದು ಹುಡುಗನೇ ಆಮೇಲೆ ವಿಚಾರಿಸಿ ಬಂದ. ಹಾಗಾಗಿದ್ದರೆ ಬಿಲ್ 1,45,000. ಕಡಿತ ಇಲ್ಲ, ಕೋ-ಪೇ ಮತ್ತು ವಿಮೆ ಕೊಡದ ಬಾಬ್ತು ಮಾತ್ರ. ಕೈಯಿಂದ ಹೋಗುತ್ತಿದ್ದದ್ದು 35,400. ಐದು ರಾತ್ರಿಯ ದೊಡ್ಡ ರೂಮಿಗೆ 59,000 ರೂಪಾಯಿ ಹೆಚ್ಚು ಹೋಯಿತು. ದೊಡ್ಡ ರೂಮು ಯಾಕೆ ತಕ್ಕೊಂಡಿರಿ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು, ‘ನೋಡಲು ಬರುವವರಿಗೆ ಕೂತುಕೊಳ್ಳಲು ಜಾಗ ಬೇಕಲ್ಲ ಉಸ್ತಾದೇ.’ ರೋಗಿಯನ್ನು ಸಂದರ್ಶಿಸುವುದು ಸುನ್ನತ್. ಆದರೆ ನಾವು ಇಪ್ಪತ್ತು ಜನ ಒಟ್ಟಿಗೆ ಹೋಗಿ, ಹಣ್ಣಿನ ಕವರ್ ಇಟ್ಟು, ಒಂದು ಗಂಟೆ ಕೂರುವ ಕ್ರಮಕ್ಕೆ ಒಂದು ಬಡ ಮನೆ 59,000 ಕೊಡಬೇಕಾ? ನಿಂತು ಐದು ನಿಮಿಷ ದುಆ ಮಾಡಿ ಬಂದರೂ ಸಂದರ್ಶನವೇ.

ಒಂದು ಮಾತು ಇಲ್ಲಿ ನೆನಪಿರಲಿ. ಔಷಧಿ, ಒಳಗೆ ಹಾಕುವ ಇಂಪ್ಲಾಂಟ್, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಇವುಗಳಿಗೆ ಅನುಪಾತದ ಕಡಿತ ಹಾಕಬಾರದು, ಐಸಿಯು ಚಾರ್ಜಿಗೂ ಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರಲ್ಲೇ ಹೇಳಿದೆ. ರೂಮಿಗೆ ತಕ್ಕ ಹಾಗೆ ಬೇರೆ ಬೇರೆ ದರ ಇಡದ ಆಸ್ಪತ್ರೆಯಲ್ಲೂ ಈ ಕಡಿತ ಇಲ್ಲ. ಇಡೀ ಬಿಲ್ಲಿಗೆ ಅರ್ಧ ಹೊಡೆದಿದ್ದರೆ ಸುಮ್ಮನೆ ಬರಬೇಡಿ, ಯಾವುದಕ್ಕೆ ಎಷ್ಟು ಕಡಿದಿರಿ ಎಂದು ಬರೆಸಿ ಕೇಳಿ.

ಈಗ ಒಂದು ಪ್ರಶ್ನೆ ಓದುಗರ ಬಾಯಲ್ಲಿ ಬಂದಿರುತ್ತದೆ. ಉಸ್ತಾದ್ ಇನ್ಶೂರೆನ್ಸ್ ಬಗ್ಗೆ ಬರೆಯುವುದಾ, ಅದು ಜಾಯಿಝಾ? ವಾಣಿಜ್ಯ ವಿಮೆಯ ಬಗ್ಗೆ ಉಲಮಾಗಳ ಚರ್ಚೆ ಹಳೆಯದು. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆ ಕೂಡದು, ಪರಸ್ಪರ ಸಹಕಾರದ ವಿಮೆ ಅದಕ್ಕೆ ಬದಲಿ ಎಂದು ನಿರ್ಣಯಿಸಿತು. ನೌಕರನಿಗೆ ಕಂಪೆನಿ ತಾನಾಗಿ ಮಾಡಿಸಿ ಕೊಡುವುದಕ್ಕೂ ನಾವೇ ಹೋಗಿ ದುಡ್ಡು ಕೊಟ್ಟು ಕೊಳ್ಳುವುದಕ್ಕೂ ಹುಕುಂ ಒಂದೇ ಅಲ್ಲ ಎನ್ನುವ ಉಲಮಾಗಳೂ ಇದ್ದಾರೆ. ಪತ್ರಿಕೆಯಲ್ಲಿ ಫತ್ವಾ ಕೊಡುವ ಯೋಗ್ಯತೆ ನಮಗಿಲ್ಲ. ಸಂಬಳದಿಂದ ಹಣ ಕಡಿಸಿ ತಂದೆ ತಾಯಿಯನ್ನು ಸೇರಿಸುವ ಮೊದಲು, ಟಾಪ್-ಅಪ್ ಕೊಳ್ಳುವ ಮೊದಲು ನಿಮ್ಮ ಖಾಝಿಯವರಲ್ಲೋ ಮುದರ್ರಿಸರಲ್ಲೋ ಕೇಳಿ. ಆದರೆ ಕಾರ್ಡ್ ಈಗಾಗಲೇ ನಮ್ಮ ಮನೆಗೆ ಬಂದಾಗಿದೆ. ಬಂದ ಮೇಲೆ ಅದರಲ್ಲಿ ಏನು ಬರೆದಿದೆ ಎಂದು ಓದದೆ ಇರುವುದು ಯಾವ ತಖ್ವಾ? ಕುರ್‌ಆನಿನ ಅತಿ ಉದ್ದದ ಆಯತ್ ಸೂರಃ ಅಲ್ ಬಖರಃದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿ ಇಡುವುದು. ಅದನ್ನು ನಾವು ತಜ್‌ವೀದ್ ಸಹಿತ ಓದಿಸುತ್ತೇವೆ. ಬರೆದ ಕಾಗದಕ್ಕೆ ಆ ಆಯತ್ ಕೊಟ್ಟ ಬೆಲೆ ಮಾತ್ರ ನಮ್ಮ ನಿತ್ಯದ ವ್ಯವಹಾರಕ್ಕೆ ಇಳಿದಿಲ್ಲ.

ಇನ್ನು ಉಳಿದ ಪದಗಳು. ‘ಸಮ್ ಇನ್ಶೂರ್ಡ್’ ಅಂದ್ರೆ ವರ್ಷಕ್ಕೆ ಸಿಗುವ ಗರಿಷ್ಠ ಮೊತ್ತ. ‘ಫ್ಯಾಮಿಲಿ ಫ್ಲೋಟರ್’ ಅಂದ್ರೆ ಆ ಮೊತ್ತ ಮನೆಯವರಿಗೆಲ್ಲ ಸೇರಿ ಒಂದೇ. ಒಂದೇ ಪಾತ್ರೆಯ ಗಂಜಿ ಅಂತ ತಿಳಿಯಿರಿ. ಉಪ್ಪನ ಹೃದಯದ ಸ್ಟೆಂಟ್‌ಗೆ ಎರಡು ಲಕ್ಷ ಹೋದರೆ ಆ ವರ್ಷ ಹೆಂಡತಿ, ಮಕ್ಕಳಿಗೆ ಉಳಿದದ್ದು ಒಂದೇ ಲಕ್ಷ. ತಲೆಗೆ ಮೂರು ಲಕ್ಷ ಅಂತ ಎಣಿಸಿದವರನ್ನು ನಾವು ಕಂಡಿದ್ದೇವೆ.

‘ಟಿಪಿಎ’ ಎನ್ನುವುದು ವಿಮಾ ಕಂಪೆನಿ ಅಲ್ಲ, ಅದರ ಪರವಾಗಿ ಕ್ಲೈಮಿನ ಕಾಗದ ನೋಡುವ ಮಧ್ಯದ ಸಂಸ್ಥೆ. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನವರು ಮಾತಾಡುವುದು ಹೆಚ್ಚಾಗಿ ಇವರ ಹತ್ತಿರ. ‘ಕ್ಯಾಶ್‌ಲೆಸ್’ ಅಂದ್ರೆ ಮಂಜೂರಾದ ಹಣ ನೇರ ಆಸ್ಪತ್ರೆಗೆ ಹೋಗುವುದು, ನಾವು ಒಂದು ರೂಪಾಯಿಯೂ ಕೊಡಬೇಕಿಲ್ಲ ಅಂತ ಅಲ್ಲ. ‘ರೀಇಂಬರ್ಸ್‌ಮೆಂಟ್’ ಆದರೆ ಮೊದಲು ನಾವು ಕಟ್ಟಿ, ಆಮೇಲೆ ಅಸಲು ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಕೊಟ್ಟು ವಾಪಸು ಪಡೆಯುವುದು. ಇದಕ್ಕೆ ಪಾಲಿಸಿಯಲ್ಲಿ ದಿನದ ಗಡುವು ಇರುತ್ತದೆ. ದಾಖಲಾದ ವಿಷಯ ತಿಳಿಸಲಿಕ್ಕೂ ಗಡುವು ಉಂಟು. ತುರ್ತು ಆದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಅಂತ ಇರುತ್ತದೆ. ದಾಖಲಾಗುವ ಮೊದಲಿನ 30 ದಿನ, ಬಿಡುಗಡೆಯ ನಂತರದ 60 ದಿನದ ಪರೀಕ್ಷೆ, ಔಷಧಿಯ ಖರ್ಚೂ ಅನೇಕ ಪಾಲಿಸಿಗಳಲ್ಲಿ ಸಿಗುತ್ತದೆ. ಮೆಡಿಕಲ್ ಶಾಪಿನ ಚೀಟಿಯನ್ನು ಬಿಸಾಡಿದರೆ ಅದು ಹೋಯಿತು.

ಕ್ಯಾಶ್‌ಲೆಸ್ ಕೋರಿಕೆ ಬಂದ ಒಂದು ಗಂಟೆಯೊಳಗೆ ಹೌದೋ ಅಲ್ಲವೋ ಹೇಳಬೇಕು, ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ವಿಮಾ ಕಂಪೆನಿಯೇ ಭರಿಸಬೇಕು. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯಲ್ಲಿ ಇದೆಲ್ಲ ಉಂಟು. ಬೆಳಿಗ್ಗೆ ಡಾಕ್ಟರು ಹೋಗಬಹುದು ಅಂದ ಮೇಲೆ ಮಗ್ರಿಬ್ ತನಕ ಕಾರಿಡಾರಿನಲ್ಲಿ ಕೂತ ಅನುಭವ ನಮಗೂ ಇದೆ. ಆಗ ನಮಗೆ ಈ ನಿಯಮ ಗೊತ್ತಿರಲಿಲ್ಲ, ಕೌಂಟರಿನವರು ಹೇಳಲೂ ಇಲ್ಲ.

ಕಂಪೆನಿ ಪಾಲಿಸಿಯ ದೊಡ್ಡ ಲಾಭ ಹಳೆಯ ಕಾಯಿಲೆಯ ವಿಷಯದಲ್ಲಿ. ‘ಪ್ರೀ-ಎಕ್ಸಿಸ್ಟಿಂಗ್ ಡಿಸೀಸ್’ ಅಂದ್ರೆ ಪಾಲಿಸಿಗೆ ಮೊದಲೇ ಇದ್ದ ಸಕ್ಕರೆ, ಬಿಪಿ, ಥೈರಾಯ್ಡ್ ಮುಂತಾದವು. ನಾವೇ ಕೊಳ್ಳುವ ಪಾಲಿಸಿಯಲ್ಲಿ ಇವುಗಳಿಗೆ 36 ತಿಂಗಳ ತನಕ ಕಾಯಿಸಬಹುದು. ಗುಂಪು ಪಾಲಿಸಿಯಲ್ಲಿ ಹೆಚ್ಚಾಗಿ ಮೊದಲ ದಿನದಿಂದಲೇ ಸಿಗುತ್ತದೆ. ಹೆರಿಗೆಗೂ ಹಾಗೆ. ಆದರೆ ಹೆರಿಗೆಗೆ ಬೇರೆಯೇ ಮಿತಿ, ಸಾಮಾನ್ಯ ಹೆರಿಗೆಗೆ ಇಷ್ಟು, ಸಿಸೇರಿಯನ್‌ಗೆ ಇಷ್ಟು ಅಂತ ಇರುತ್ತದೆ, ಹೆಚ್ಚಿನ ಕಡೆ ಎರಡು ಮಕ್ಕಳಿಗೆ ಮಾತ್ರ. ಮೂರು ಲಕ್ಷದ ಕಾರ್ಡ್ ಉಂಟೆಂದು ಹೆರಿಗೆಗೆ ಡೀಲಕ್ಸ್ ರೂಮು ಹಿಡಿಯುವವರು ಈ ಸಾಲನ್ನು ಮೊದಲು ನೋಡಬೇಕು.

ನಿಖಾಹ್ ಆದ ಮೇಲೆ ಹೆಂಡತಿಯ ಹೆಸರು ತಾನಾಗಿ ಸೇರುವುದಿಲ್ಲ. ಮಗು ಹುಟ್ಟಿದರೂ ಸೇರುವುದಿಲ್ಲ. ಎಚ್‌ಆರ್‌ನವರಿಗೆ ತಿಳಿಸಬೇಕು, ಅದಕ್ಕೂ ಗಡುವು ಇರುತ್ತದೆ, ಅನೇಕ ಕಡೆ 30 ದಿನ. ತಪ್ಪಿದರೆ ಮುಂದಿನ ವರ್ಷದ ನವೀಕರಣಕ್ಕೆ ಕಾಯಬೇಕು. ಮದುವೆಯ ಸಾಲು ಸಾಲು ಔತಣದಲ್ಲಿ ಈ 30 ದಿನ ಹೇಗೆ ಕಳೆಯುತ್ತದೆ ಅಂತ ಗೊತ್ತಾಗುವುದಿಲ್ಲ. ಕೆಲವು ಕಂಪೆನಿಗಳಲ್ಲಿ ಸ್ವಂತ ತಂದೆ ತಾಯಿ ಅಥವಾ ಅತ್ತೆ ಮಾವ, ಎರಡರಲ್ಲಿ ಒಂದನ್ನು ಆರಿಸಬೇಕು. ಹೆಂಡತಿಗೂ ಉದ್ಯೋಗ ಇದ್ದರೆ ಇಬ್ಬರೂ ಕೂತು ಮಾತಾಡಿ, ಅವಳ ಕಾರ್ಡಿನಲ್ಲಿ ಅವಳ ಉಮ್ಮ ಉಪ್ಪ, ಇವನ ಕಾರ್ಡಿನಲ್ಲಿ ಇವನವರು ಅಂತ ಮಾಡಿಕೊಳ್ಳಬಹುದು.

ಹೆಸರಿನ ಕಷ್ಟ ನಮ್ಮವರಿಗೆ ವಿಶೇಷ. ಆಧಾರಿನಲ್ಲಿ ಮಹಮ್ಮದ್, ರೇಷನ್ ಕಾರ್ಡಿನಲ್ಲಿ ಮೊಹಮ್ಮದ್, ಪಾಸ್‌ಪೋರ್ಟಿನಲ್ಲಿ ಮುಹಮ್ಮದ್. ಉಮ್ಮ ಒಂದು ಕಡೆ ಫಾತಿಮ, ಇನ್ನೊಂದು ಕಡೆ ಪಾತುಂಞಿ, ಮತ್ತೊಂದು ಕಡೆ ಬೀಫಾತಿಮ. ಹುಟ್ಟಿದ ತಾರೀಕು ಎಲ್ಲರಿಗೂ ಜನವರಿ 1. ನಗು ಬರುತ್ತದೆ, ಆದರೆ ರಾತ್ರಿ ಎರಡು ಗಂಟೆಗೆ ಆಸ್ಪತ್ರೆ ಕೌಂಟರಿನಲ್ಲಿ ಕಾರ್ಡಿಗೂ ಆಧಾರಿಗೂ ತಾಳೆಯಾಗದೆ ನಿಂತರೆ ನಗು ಬರುವುದಿಲ್ಲ. ವಿಮೆಗೆ ಹೆಸರು ಕೊಡುವಾಗ ಆಧಾರಿನಲ್ಲಿರುವ ಅಕ್ಷರವನ್ನೇ ಕೊಡಬೇಕು.

ನಮ್ಮ ಕಿವಿಗೆ ಬಿದ್ದ ಎರಡು ವಿಷಯವನ್ನು ಹೇಳಲೇಬೇಕು. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರನ್ನು, ಚಿಕ್ಕಮ್ಮನನ್ನು ಉಮ್ಮನ ಹೆಸರಲ್ಲಿ ದಾಖಲಿಸುವುದು. ಇನ್ನೊಂದು, ಫಾರಂನಲ್ಲಿ ಇರುವ ಕಾಯಿಲೆಯನ್ನು ಇಲ್ಲ ಎಂದು ಬರೆಯುವುದು. ಇದನ್ನು ಕೆಲವರು ಜಾಣತನ ಅಂತ ಹೇಳಿಕೊಳ್ಳುತ್ತಾರೆ. ಇದು ಖಿಯಾನತ್. ಇದರಲ್ಲಿ ಅಭಿಪ್ರಾಯ ಭೇದ ಇಲ್ಲ, ಕೇಳಲು ಖಾಝಿಯವರ ಹತ್ತಿರ ಹೋಗಬೇಕಾಗಿಲ್ಲ. ದುನಿಯಾದ ಲೆಕ್ಕದಲ್ಲೂ ನಷ್ಟವೇ, ಸಿಕ್ಕಿಬಿದ್ದರೆ ಕ್ಲೈಮೂ ಹೋಗುತ್ತದೆ, ಹುಡುಗನ ಕೆಲಸವೂ ಹೋಗುತ್ತದೆ.

ಕೆಲಸ ಬಿಟ್ಟ ದಿನ ಕಾರ್ಡ್ ಸಾಯುತ್ತದೆ. ಇದು ನಮ್ಮ ಊರುಗಳಲ್ಲಿ ಹೆಚ್ಚು ಜನ ಎಡವುವ ಜಾಗ, ಯಾಕಂದ್ರೆ ನಮ್ಮ ಹುಡುಗರು ಬೆಂಗಳೂರಿನಲ್ಲಿ ಮೂರು ವರ್ಷ ಇದ್ದು ಗಲ್ಫಿಗೆ ಹಾರುವವರು. ದುಬೈಯಲ್ಲಿ ನೌಕರನಿಗೆ ಆರೋಗ್ಯ ವಿಮೆ ಮಾಡಿಸುವುದು ಮಾಲಕನ ಮೇಲೆ ಕಡ್ಡಾಯ, 2013ರ ಕಾನೂನು. ಸೌದಿಯಲ್ಲೂ ಖಾಸಗಿ ಕಂಪೆನಿಗಳಿಗೆ ಕಡ್ಡಾಯ ಉಂಟು. ಮಗನಿಗೆ ಅಲ್ಲಿ ಕಾರ್ಡ್ ಸಿಗುತ್ತದೆ. ಆದರೆ ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಇರುವ ಉಮ್ಮನಿಗೆ ಆ ಕಾರ್ಡಿನಿಂದ ಏನೂ ಇಲ್ಲ, ಬೆಂಗಳೂರಿನ ಕಾರ್ಡ್ ರಾಜೀನಾಮೆಯ ಜೊತೆಗೇ ಹೋಯಿತು. ಅರುವತ್ತೈದು ವಯಸ್ಸು, ಸಕ್ಕರೆ, ಬಿಪಿ ಇರುವವರಿಗೆ ಹೊಸ ಪಾಲಿಸಿ ಸಿಗುವುದೇ ಕಷ್ಟ. ಗುಂಪು ಪಾಲಿಸಿಯಲ್ಲಿ ಇದ್ದವರು ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ದಾರಿ ಒಂದುಂಟು, ಅದಕ್ಕೆ ‘ಮೈಗ್ರೇಷನ್’ ಅಂತಾರೆ. ಕಾದು ಕಳೆದ ಅವಧಿಯ ಲಾಭವೂ ಜೊತೆಗೆ ಬರುತ್ತದೆ. ಆದರೆ ರಾಜೀನಾಮೆ ಕೊಟ್ಟು, ವೀಸಾ ಸ್ಟಾಂಪ್ ಆಗಿ, ಬೀಳ್ಕೊಡುಗೆ ಮುಗಿದ ಮೇಲೆ ಕೇಳಿದರೆ ಆಗದು. ನೋಟಿಸ್ ಅವಧಿಯಲ್ಲೇ ಎಚ್‌ಆರ್‌ಗೆ ಇಮೇಲ್ ಹಾಕಬೇಕು.

ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರ ವಿಷಯ ಬೇರೆ. ಶೋರೂಮು, ಫ್ಯಾಕ್ಟರಿ, ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಮಕ್ಕಳಲ್ಲಿ ಬಹಳ ಜನರಿಗೆ ಇಎಸ್‌ಐ ಇರುತ್ತದೆ. ಸಂಬಳದಿಂದ ಶೇಕಡಾ 0.75 ಕಡಿಯುತ್ತಾರೆ, ಮಾಲಕ ಶೇಕಡಾ 3.25 ಹಾಕುತ್ತಾನೆ. ಸಂಬಳದ ಚೀಟಿಯಲ್ಲಿ ಆ ಸಣ್ಣ ಕಡಿತವನ್ನು ಕಂಡು ಗೊಣಗುವವರೇ ಹೆಚ್ಚು, ಅದರಲ್ಲಿ ಆಶ್ರಿತ ತಂದೆ ತಾಯಿಗೂ ಚಿಕಿತ್ಸೆ ಉಂಟೆಂದು ತಿಳಿದವರು ಕಡಿಮೆ. ಇದಾವುದೂ ಇಲ್ಲದ ಬಿಪಿಎಲ್ ಮನೆಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಇದೆ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಕ್ಲೈಮ್ ಅನ್ಯಾಯವಾಗಿ ತಿರಸ್ಕಾರವಾದರೆ ಮೊದಲು ವಿಮಾ ಕಂಪೆನಿಯ ದೂರು ವಿಭಾಗಕ್ಕೆ ಬರೆದು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಗುಂಪು ಪಾಲಿಸಿಯ ದೂರನ್ನೂ ಅವರು ನೋಡುತ್ತಾರೆ. ಫೀಸಿಲ್ಲ, ವಕೀಲರು ಬೇಡ.

ನಮ್ಮ ಅಭಿಪ್ರಾಯ ಇಷ್ಟು. ಜಮಾಅತ್ ಕಮಿಟಿಯವರು ಆಸ್ಪತ್ರೆ ಸಹಾಯದ ಅರ್ಜಿ ಬಂದಾಗ ಮೊದಲು ಮನೆಯಲ್ಲಿ ಯಾರಿಗಾದರೂ ಕಂಪೆನಿ ಕಾರ್ಡ್, ಇಎಸ್‌ಐ ಉಂಟಾ ಎಂದು ಕೇಳಬೇಕು. ಸಹಾಯ ತಪ್ಪಿಸಲು ಅಲ್ಲ, ಸಿಗಬೇಕಾದದ್ದು ಸಿಗುವ ಹಾಗೆ ಮಾಡಲು. ಮೊಹಲ್ಲಾದಲ್ಲಿ ಎಚ್‌ಆರ್, ಬ್ಯಾಂಕು, ಆಸ್ಪತ್ರೆ ಬಿಲ್ಲಿಂಗ್‌ನಲ್ಲಿ ದುಡಿಯುವ ಯುವಕ ಯುವತಿಯರು ಈಗ ಇದ್ದಾರೆ. ಒಂದು ಭಾನುವಾರ ಮದ್ರಸ ಹಾಲಿನಲ್ಲಿ ಅವರನ್ನು ಕೂರಿಸಿ, ಮನೆಯವರು ಪಾಲಿಸಿ ತಂದರೆ ಓದಿ ಹೇಳುವ ವ್ಯವಸ್ಥೆ ಮಾಡಬಹುದು. ಹೆಂಗಸರಿಗೂ ಜಾಗ ಇರಬೇಕು. ರಾತ್ರಿ ಎದೆನೋವು ಬಂದಾಗ ಮನೆಯಲ್ಲಿ ಇರುವುದು ಅವರು, ಕಾರ್ಡ್ ಇರುವುದು ಬೆಂಗಳೂರಿನ ಮಗನ ಮೊಬೈಲಿನಲ್ಲಿ, ಅವನು ನಿದ್ದೆಯಲ್ಲಿ. ಪ್ರಿಂಟ್ ತೆಗೆಸಿ, ಆಧಾರ್ ಪ್ರತಿ ಸಹಿತ, ರೂಮಿನ ಮಿತಿ ಎಷ್ಟೆಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಗೋದ್ರೇಜಿನಲ್ಲಿ ಇಟ್ಟು ಕೀಲಿ ಎಲ್ಲಿ ಅಂತ ಹೇಳಿ ಹೋಗಲಿ.

ಇಷ್ಟೆಲ್ಲ ಬರೆದ ನಮ್ಮ ಹತ್ತಿರ ಕಾರ್ಡ್ ಉಂಟಾ ಎಂದರೆ, ಇಲ್ಲ. ಮದ್ರಸದ ಉಸ್ತಾದರಿಗೆ, ಮಸೀದಿಯ ಮುಕ್ರಿಕ್ಕನಿಗೆ ಕಮಿಟಿಯೇ ಮಾಲಕ. ನಮ್ಮ ನೌಕರರ ಆಸ್ಪತ್ರೆ ಖರ್ಚಿಗೆ ಶರೀಅತ್ತಿಗೆ ಒಪ್ಪುವ ಒಂದು ನಿಧಿಯನ್ನಾದರೂ ಮಾಡಬಹುದಲ್ಲ ಎಂದು ಕಳೆದ ಮಹಾಸಭೆಯಲ್ಲಿ ಎದ್ದು ಕೇಳಿದೆವು. ಒಳ್ಳೆಯ ವಿಷಯ ಉಸ್ತಾದ್, ಮುಂದಿನ ಮೀಟಿಂಗಿಗೆ ಇಡುವ ಅಂದರು. ಮುಂದಿನ ಮೀಟಿಂಗ್ ರಬೀಉಲ್ ಅವ್ವಲ್ ಕಳೆದ ಮೇಲೆ.